ಕೆರೆಗೆ ಬಂದ ಹೆಬ್ಬಾತು, ಮನೆಗೆ ಬಂದ ಜ್ವರ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಗದಗ ಜಿಲ್ಲೆಯ ಒಂದು ಹಳ್ಳಿ. ಮನೆಯಿಂದ ಕೆರೆ ದಂಡೆಗೆ ನಾಲ್ಕು ಹೊಲದಷ್ಟೇ ದೂರ. ದೀಪಾವಳಿ ಕಳೆದ ಮೇಲೆ ಪ್ರತಿ ವರ್ಷ ಹೆಬ್ಬಾತುಗಳು ಬರುತ್ತವೆ. ಈ ಸಲ ಅವು ಬಂದಾಗಿನಿಂದ ಸಂಜೆ ಹೊತ್ತು ಕೆರೆ ಮೇಲೆ ಸೊಳ್ಳೆ ಹೊಗೆಯ ಹಾಗೆ ಏಳುತ್ತಿವೆ. ಮೈದುನನಿಗೆ ಚಳಿಜ್ವರ ಬಂತು, ಪರೀಕ್ಷೆ ಮಾಡಿಸಿದರೆ ವೈವಾಕ್ಸ್ ಮಲೇರಿಯಾ ಅಂದರು. ಅವನು ಮಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡಿ ಸೆಪ್ಟೆಂಬರ್‌ನಲ್ಲಿ ಊರಿಗೆ ಬಂದವನು. ಮನೆಯಲ್ಲಿ 11 ಜವಾರಿ ಕೋಳಿ ಇದ್ದವು. ಮೂರು ವಾರದಲ್ಲಿ 4 ಸತ್ತವು. ಜುಟ್ಟು ಬಿಳಿಚುತ್ತದೆ, ಹಸಿರು ಹಿಕ್ಕೆ ಹಾಕುತ್ತವೆ, ಕಾಲು ಸೋತು ಕೂತಲ್ಲೇ ಕೂರುತ್ತವೆ. ಹೋದ ತಿಂಗಳು ಕೆಲವರು ಬಂದು ದಂಡೆಯಲ್ಲಿ ಬಲೆ ಕಟ್ಟಿ ಸಣ್ಣ ಹಕ್ಕಿಗಳ ರಕ್ತ ತೆಗೆದುಕೊಂಡರು. ಕೇಳಿದರೆ ‘ಹಕ್ಕಿಗಳ ಮಲೇರಿಯಾ ನೋಡುತ್ತಿದ್ದೇವೆ’ ಎಂದರು. ಆವತ್ತಿನಿಂದ ಊರಲ್ಲಿ ಒಂದೇ ಮಾತು: ಹಕ್ಕಿಗಳೇ ಹೊರದೇಶದಿಂದ ಮಲೇರಿಯಾ ತಂದಿವೆ, ಪಟಾಕಿ ಹೊಡೆದು ಓಡಿಸಬೇಕು ಅಂತ. ನನಗೆ 6 ವರ್ಷದ ಮಗ ಇದ್ದಾನೆ. ಹಕ್ಕಿಗಳನ್ನು ಓಡಿಸೋದು ಸರಿಯಾ? ಉಳಿದ ಕೋಳಿ ಮಾರಿಬಿಡಲಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಕೋಳಿಗಳ ಬಗ್ಗೆ ನೀವು ಬರೆದ ಮೂರು ಸಾಲು ಬಹಳ ಬೆಲೆಯುಳ್ಳವು. ಎಷ್ಟೋ ಜನ ‘ಕೋಳಿಗೆ ಹುಷಾರಿಲ್ಲ’ ಅಂತ ಮಾತ್ರ ಬರೆಯುತ್ತಾರೆ. ನೀವು ನೋಡಿದ್ದನ್ನು ನೋಡಿದ ಹಾಗೇ ಬರೆದಿದ್ದೀರಿ.

ನಿಮ್ಮ ಭಯವೂ ಅರ್ಥವಾಗುತ್ತದೆ. ಜ್ವರ, ಸತ್ತ ಕೋಳಿ, ಸೊಳ್ಳೆ, ರಕ್ತ ತೆಗೆಯಲು ಬಂದ ಅಪರಿಚಿತರು. ಎಲ್ಲವೂ ಹೆಬ್ಬಾತು ಬಂದ ತಿಂಗಳಲ್ಲೇ ಆದರೆ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ಆದರೆ ಈ ನಾಲ್ಕರ ಕಾರಣ ಒಂದೇ ಅಲ್ಲ. ಒಂದೊಂದಾಗಿ ಬಿಡಿಸೋಣ.

ಮೊದಲು ಮೈದುನನ ಜ್ವರ. ಹಕ್ಕಿಗಳಿಗೆ ಮಲೇರಿಯಾ ಬರುವುದು ನಿಜ. ಮಲೇರಿಯಾ ಸೊಳ್ಳೆಯಿಂದ ಹೇಗೆ ಹರಡುತ್ತದೆ ಅಂತ ಮೊದಲು ಪೂರ್ತಿ ಗೊತ್ತಾಗಿದ್ದೇ ಹಕ್ಕಿಗಳಿಂದ. 1897ರಲ್ಲಿ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡರು. ಮರುವರ್ಷ ಕಲ್ಕತ್ತೆಯಲ್ಲಿ ಗುಬ್ಬಿಗಳ ಮೇಲೆ ಕೆಲಸ ಮಾಡಿ, ಅದು ಸೊಳ್ಳೆಯ ಜೊಲ್ಲು ಗ್ರಂಥಿಗೆ ಹೋಗಿ ಕಚ್ಚಿದಾಗ ಇನ್ನೊಂದು ಹಕ್ಕಿಗೆ ದಾಟುವುದನ್ನು ತೋರಿಸಿದರು. 1902ರಲ್ಲಿ ಅವರಿಗೆ ನೊಬೆಲ್ ಬಂತು. ಆ ಗುಬ್ಬಿಗಳ ಮಲೇರಿಯಾ ಮತ್ತು ನಿಮ್ಮ ಮೈದುನನ ಮಲೇರಿಯಾ ಹತ್ತಿರದ ಸಂಬಂಧಿಗಳು, ಎರಡೂ ಪ್ಲಾಸ್ಮೋಡಿಯಂ ಕುಲದವು. ಆದರೆ ಜಾತಿ ಬೇರೆ. ಹಕ್ಕಿಯದು ಮನುಷ್ಯನ ಮೈಯಲ್ಲಿ ಬದುಕುವುದಿಲ್ಲ.

ಯಾಕೆ ಅಂತ ಕೇಳಬಹುದು. ಮನುಷ್ಯರ ಮಲೇರಿಯಾ ಸೊಳ್ಳೆ ಕಚ್ಚಿದ ಮೇಲೆ ಮೊದಲು ಪಿತ್ತಜನಕಾಂಗಕ್ಕೆ ಹೋಗಿ ಅಲ್ಲಿ ಬೆಳೆಯುತ್ತದೆ. ಹಕ್ಕಿಯದು ಹಾಗೆ ಮಾಡುವುದಿಲ್ಲ, ಅದು ಚರ್ಮ ಮತ್ತು ಬೇರೆ ಅಂಗಗಳ ರಕ್ಷಕ ಕೋಶಗಳೊಳಗೆ ಬೆಳೆಯುತ್ತದೆ. ಹಕ್ಕಿಯ ಕೆಂಪು ರಕ್ತಕಣವೇ ನಮ್ಮದಕ್ಕಿಂತ ಬೇರೆ. ಮೊಟ್ಟೆಯಾಕಾರ, ನಡುವೆ ಕೋಶಕೇಂದ್ರ. ನಮ್ಮ ಕೆಂಪು ಕಣದಲ್ಲಿ ಕೋಶಕೇಂದ್ರ ಇರುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಹಕ್ಕಿ ರಕ್ತ ನೋಡುವಾಗ ಕೆಲವು ಪರೋಪಜೀವಿಗಳು ಆ ಕೇಂದ್ರವನ್ನು ತೋಳಿನಿಂದ ಅಪ್ಪಿಕೊಂಡ ಹಾಗೆ ಕಾಣುತ್ತವೆ. ಇಷ್ಟು ವರ್ಷವಾದರೂ ಅದನ್ನು ಕಂಡಾಗ ಒಂದು ಕ್ಷಣ ಕಣ್ಣು ಅಲ್ಲೇ ನಿಲ್ಲುತ್ತದೆ.

ಹಾಗಾದರೆ ಮೈದುನನಿಗೆ ಜ್ವರ ಎಲ್ಲಿಂದ ಬಂತು? ಉತ್ತರ ನಿಮ್ಮ ಪತ್ರದಲ್ಲೇ ಇದೆ. ಮಂಗಳೂರು ನಮ್ಮ ರಾಜ್ಯದಲ್ಲಿ ಮಲೇರಿಯಾಕ್ಕೆ ಬಹಳ ವರ್ಷಗಳಿಂದ ಹೆಸರಾದ ಊರು. ಕಟ್ಟಡ ಕೆಲಸದ ಜಾಗದಲ್ಲಿ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರು, ತೊಟ್ಟಿ, ಡ್ರಮ್ಮು ಇವೆಲ್ಲ ಮನುಷ್ಯರಿಗೆ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗೆ ಮೊಟ್ಟೆ ಇಡುವ ಜಾಗ. ವೈವಾಕ್ಸ್‌ಗೆ ಇನ್ನೊಂದು ಗುಣ ಇದೆ. ಅದು ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಮಲಗಿದ್ದು ಮತ್ತೆ ಎದ್ದು ಬರಬಲ್ಲದು. ಸೆಪ್ಟೆಂಬರ್‌ನಲ್ಲಿ ಊರಿಗೆ ಬಂದವರಿಗೆ ನವೆಂಬರ್‌ನಲ್ಲಿ ಜ್ವರ ಬಂದರೆ ಅದರಲ್ಲಿ ವಿಚಿತ್ರ ಏನೂ ಇಲ್ಲ. ಅವರಿಗೆ ಕೊಟ್ಟಿರುವ ಮಾತ್ರೆಗಳಲ್ಲಿ ಒಂದನ್ನು 14 ದಿನ ತೆಗೆದುಕೊಳ್ಳಬೇಕು. ಮೂರನೇ ದಿನಕ್ಕೆ ಜ್ವರ ಇಳಿಯುತ್ತದೆ, ಜನ ನಿಲ್ಲಿಸಿಬಿಡುತ್ತಾರೆ. ಮಲಗಿರುವ ರೋಗಾಣುವನ್ನು ಕೊಲ್ಲುವುದು ಆ 14 ದಿನದ ಮಾತ್ರೆಯೇ. ಪೂರ್ತಿ ಮುಗಿಸಿದ್ದಾರಾ ಅಂತ ಇವತ್ತೇ ಕೇಳಿ. ಇಲ್ಲದಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ, ಆರೋಗ್ಯ ಕೇಂದ್ರದಲ್ಲಿ ಮತ್ತೆ ತೋರಿಸಿ. ಅವರು ಪೂರ್ತಿ ವಾಸಿಯಾಗುವವರೆಗೆ ಸೊಳ್ಳೆಪರದೆಯಲ್ಲೇ ಮಲಗಲಿ. ಅವರನ್ನು ಕಚ್ಚಿದ ಅನಾಫಿಲಿಸ್ ಸೊಳ್ಳೆ ನಿಮ್ಮ ಮಗನನ್ನು ಕಚ್ಚಬಾರದು, ಅಲ್ವಾ?

ಇನ್ನು ಕೆರೆ ಮೇಲೆ ಹೊಗೆಯ ಹಾಗೆ ಏಳುವ ಹುಳ. ನಾಳೆ ಸಂಜೆ ಅದರ ನಡುವೆ ಹೋಗಿ ಐದು ನಿಮಿಷ ತೋಳು ಬಿಟ್ಟುಕೊಂಡು ನಿಲ್ಲಿ. ಕಣ್ಣಿಗೆ, ಮೂಗಿಗೆ ಬರಬಹುದು, ಆದರೆ ಬಹುಶಃ ಒಂದೂ ಕಚ್ಚುವುದಿಲ್ಲ. ಕೆರೆಯ ಮೇಲೆ ಕಂಬದ ಹಾಗೆ ಸುತ್ತುವ ಗುಂಪು ಹೆಚ್ಚಾಗಿ ಕಚ್ಚದ ನೊರಜಿನದು. ನೋಡಲು ಸೊಳ್ಳೆಯ ಹಾಗೇ ಇರುತ್ತದೆ, ಆದರೆ ಚುಚ್ಚುವ ಸೊಂಡಿಲು ಇಲ್ಲ. ಇದರ ಮರಿಹುಳ ಕೆರೆಯ ಕೆಸರಿನಲ್ಲಿ ಬೆಳೆಯುತ್ತದೆ. ಕೆಲವು ಕೆಂಪಗೆ ದಾರದ ಹಾಗಿರುತ್ತವೆ. ಕೆಸರು ಕೆದಕುವ ಉಲ್ಲಂಕಿಗಳಿಗೆ, ಹಲವು ಬಾತುಗಳಿಗೆ ಅದೇ ಊಟ.

ಮನೆಯೊಳಗೆ ಕಚ್ಚುವ ಸೊಳ್ಳೆ ಬೇರೆ. ಅದರಲ್ಲಿ ಬಹುಪಾಲು ಕ್ಯೂಲೆಕ್ಸ್. ಅದು ಹುಟ್ಟುವುದು ಚರಂಡಿಯಲ್ಲಿ, ಬಚ್ಚಲ ನೀರು ನಿಲ್ಲುವ ಗುಂಡಿಯಲ್ಲಿ, ದನ ನೀರು ಕುಡಿಯುವ ಕಲ್ಲಿನ ದೋಣಿಯಲ್ಲಿ. ಮಳೆ ನಿಂತ ಮೇಲೆ ಅಕ್ಟೋಬರ್, ನವೆಂಬರ್‌ನಲ್ಲಿ ನಿಂತ ನೀರು ಜಾಸ್ತಿ ಇರುತ್ತದೆ, ಸೊಳ್ಳೆಯೂ ಜಾಸ್ತಿ. ಹೆಬ್ಬಾತು ಇಳಿಯುವುದೂ ಅದೇ ಹೊತ್ತಿಗೆ. ಎರಡಕ್ಕೂ ತಿಥಿ ಒಂದೇ, ಅಷ್ಟೇ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಈ ಹಕ್ಕಿ 7 ಸಾವಿರ ಮೀಟರ್‌ಗೂ ಮೇಲೆ ಹಾರಿದ ದಾಖಲೆ ಇದೆ. ಅಷ್ಟು ಎತ್ತರದಲ್ಲಿ ಅದರ ಜೊತೆ ಸೊಳ್ಳೆ ಬರುವುದಿಲ್ಲ. ನಿಮ್ಮನ್ನು ಕಚ್ಚುವುದು ನಿಮ್ಮ ಊರಿನಲ್ಲೇ ಹುಟ್ಟಿದ ಸೊಳ್ಳೆ.

ಹಕ್ಕಿಯ ರಕ್ತದೊಳಗೆ ಪರೋಪಜೀವಿ ಬರಬಹುದಲ್ಲ? ಬರಬಹುದು. ನಿಮ್ಮ ಊರಿಗೆ ಬಂದ ಸಂಶೋಧಕರು ಹುಡುಕುತ್ತಿರುವುದು ಅದನ್ನೇ. ಹಕ್ಕಿಗಳಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ಪ್ಲಾಸ್ಮೋಡಿಯಂ ಸೊಳ್ಳೆಯಿಂದ ಹರಡುತ್ತದೆ. ಹೀಮೋಪ್ರೋಟಿಯಸ್ ಕಚ್ಚುವ ಜಾತಿಯ ಸಣ್ಣ ನೊರಜಿನಿಂದ, ಪಾರಿವಾಳದಲ್ಲಾದರೆ ಗರಿಯೊಳಗೆ ಓಡಾಡುವ ಚಪ್ಪಟೆ ನೊಣದಿಂದ. ಲ್ಯೂಕೋಸೈಟೋಝೂನ್ ಹೆಚ್ಚಾಗಿ ಹರಿಯುವ ಹೊಳೆಯಲ್ಲಿ ಹುಟ್ಟುವ ಕಪ್ಪು ನೊಣದಿಂದ. ಒಂದೊಂದಕ್ಕೂ ತನ್ನದೇ ವಾಹನ. ಹಕ್ಕಿ ಪರೋಪಜೀವಿಯನ್ನು ಸಾವಿರಾರು ಕಿಲೋಮೀಟರ್ ಹೊತ್ತು ತಂದರೂ, ಇಳಿದ ಕಡೆ ಸರಿಯಾದ ಕೀಟ ಇರಬೇಕು, ಆ ಕೀಟ ಅದೇ ಹಕ್ಕಿಯನ್ನು ಕಚ್ಚಬೇಕು, ಪರೋಪಜೀವಿ ಕೀಟದೊಳಗೆ ಬೆಳೆಯುವಷ್ಟು ಬೆಚ್ಚಗಿರಬೇಕು, ಆಮೇಲೆ ಆ ಕೀಟ ಒಗ್ಗುವ ಇನ್ನೊಂದು ಹಕ್ಕಿಯನ್ನೇ ಕಚ್ಚಬೇಕು. ಇದರಲ್ಲಿ ಒಂದು ತಪ್ಪಿದರೂ ಅದು ಅಲ್ಲಿಗೇ ನಿಲ್ಲುತ್ತದೆ. ಆಫ್ರಿಕಾದಲ್ಲಿ ಚಳಿಗಾಲ ಕಳೆದು ಯುರೋಪಿನಲ್ಲಿ ಮರಿ ಮಾಡುವ ಹಕ್ಕಿಗಳು ಅಲ್ಲಿಯ ಎಷ್ಟೋ ಬಗೆಯ ಪರೋಪಜೀವಿಗಳನ್ನು ಹೊತ್ತು ತರುತ್ತವೆ. ಹಲವು ಬಗೆ ಯುರೋಪಿನ ಮರಿಗಳಿಗೆ ದಾಟುವುದೇ ಇಲ್ಲ.

ಮನುಷ್ಯರಿಗೆ ಬರದ ರೋಗದ ಮೇಲೆ ಯಾಕಿಷ್ಟು ಕಷ್ಟಪಟ್ಟು ಸಂಶೋಧನೆ ಅನ್ನಿಸಬಹುದು. ಹಕ್ಕಿಗಳಿಗೆ ಅದು ಜೀವದ ಪ್ರಶ್ನೆ. ಸ್ವೀಡನ್ನಿನಲ್ಲಿ ಜೊಂಡಿನ ನಡುವೆ ಗೂಡು ಕಟ್ಟುವ ಗ್ರೇಟ್ ರೀಡ್ ವಾರ್ಬ್ಲರ್ ಎಂಬ ಸಣ್ಣ ಹಕ್ಕಿಯನ್ನು ದಶಕಗಳ ಕಾಲ ಹಿಂಬಾಲಿಸಿದ್ದಾರೆ. ಸೋಂಕಿರುವ ಹಕ್ಕಿಗಳು ಹೊರಗೆ ಚೆನ್ನಾಗೇ ಕಾಣುತ್ತವೆ, ಹಾಡುತ್ತವೆ, ಗೂಡು ಕಟ್ಟುತ್ತವೆ. ಆದರೆ ಅವುಗಳ ವರ್ಣತಂತುಗಳ ತುದಿ ಬೇಗ ಸವೆಯುತ್ತದೆ, ಆಯಸ್ಸು ಕಡಿಮೆ, ಮರಿಗಳೂ ಕಡಿಮೆ. 2015ರಲ್ಲಿ ಇದು ಪ್ರಕಟವಾದಾಗ ನಮ್ಮಂಥವರ ಯೋಚನೆಯೇ ಬದಲಾಯಿತು. ಅಲ್ಲಿಯವರೆಗೆ ರಕ್ತದಲ್ಲಿ ಒಂದೆರಡು ಪರೋಪಜೀವಿ ಕಂಡರೆ ‘ಪರವಾಗಿಲ್ಲ, ಒಗ್ಗಿಕೊಂಡಿದೆ’ ಅನ್ನುತ್ತಿದ್ದೆವು.

ಹವಾಯಿ ದ್ವೀಪಗಳ ಕಥೆ ಇನ್ನೂ ನೋವಿನದು. ಅಲ್ಲಿ ಸೊಳ್ಳೆಯೇ ಇರಲಿಲ್ಲ. 1826ರ ಸುಮಾರಿಗೆ ಹಡಗಿನ ನೀರಿನ ಪೀಪಾಯಿಯಲ್ಲಿ ಕ್ಯೂಲೆಕ್ಸ್ ಸೊಳ್ಳೆ ಹೋಯಿತು. ನಮ್ಮ ಮನೆ ಚರಂಡಿಯಲ್ಲಿ ಹುಟ್ಟುವ ಅದೇ ಜಾತಿ. ಆಮೇಲೆ ಹಕ್ಕಿ ಮಲೇರಿಯಾವೂ ಸೇರಿಕೊಂಡಿತು. ಅದನ್ನು ಎಂದೂ ಕಾಣದ ಅಲ್ಲಿಯ ಹನಿಕ್ರೀಪರ್ ಹಕ್ಕಿಗಳು ಜಾತಿ ಜಾತಿಯೇ ಅಳಿದವು. ಉಳಿದವು ಸೊಳ್ಳೆ ಹತ್ತದ ಚಳಿಯ ಬೆಟ್ಟಗಳಲ್ಲಿ ಉಳಿದಿವೆ. ಈಗ ಬೆಟ್ಟವೂ ಬೆಚ್ಚಗಾಗುತ್ತಿದೆ, ಸೊಳ್ಳೆ ಮೇಲೆ ಹತ್ತುತ್ತಿದೆ. ನಮ್ಮ ಹಿಮಾಲಯದಲ್ಲೂ ಇದೇ ಪ್ರಶ್ನೆ ಕೇಳುತ್ತಿದ್ದಾರೆ. ಬೆಂಗಳೂರಿನ ವಿಜ್ಞಾನಿ ಫರಾ ಇಷ್ತಿಯಾಕ್ ಮತ್ತು ಅವರ ಜೊತೆಗಾರರು ಪಶ್ಚಿಮ ಹಿಮಾಲಯದ ಹಕ್ಕಿಗಳ ರಕ್ತ ಪರೋಪಜೀವಿಗಳ ಮೇಲೆ ಕೆಲಸ ಮಾಡಿದ್ದಾರೆ. ಪಶ್ಚಿಮ ಘಟ್ಟದ ಎತ್ತರದ ಶೋಲಾ ಕಾಡಿನ ಹಕ್ಕಿಗಳ ಮೇಲೂ ಇಂಥ ಅಧ್ಯಯನ ಆಗಿದೆ. ನಿಮ್ಮ ಊರಿನಲ್ಲಿ ಅವರು ತೆಗೆದದ್ದು ಒಂದೆರಡು ಹನಿ ರಕ್ತ ಅಷ್ಟೇ. ಗಾಜಿನ ಪಟ್ಟಿಯ ಮೇಲೆ ಸವರುತ್ತಾರೆ, ಸ್ವಲ್ಪ ಕಾಗದದಲ್ಲೋ ಸಣ್ಣ ಕೊಳವೆಯಲ್ಲೋ ಇಟ್ಟುಕೊಂಡು ಆಮೇಲೆ ಡಿಎನ್‌ಎ ಪರೀಕ್ಷೆ ಮಾಡುತ್ತಾರೆ. ಹಕ್ಕಿಯನ್ನು ಅಲ್ಲೇ ಬಿಡುತ್ತಾರೆ. ಇದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಅವರು ಮತ್ತೆ ಬಂದರೆ ಅನುಮತಿ ಪತ್ರ ತೋರಿಸಿ ಅಂತ ಧಾರಾಳವಾಗಿ ಕೇಳಿ. ಏನು ಸಿಕ್ಕಿತು ಅಂತಲೂ ಕೇಳಿ. ಊರವರಿಗೆ ಹೇಳದೆ ಹೋಗುವುದು ತಪ್ಪು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಆ ಅರ್ಧ ಮಾತು ಕೇಳಿದ್ದರಿಂದಲೇ ನಿಮ್ಮ ಊರಲ್ಲಿ ಈ ಸುದ್ದಿ ಹುಟ್ಟಿತು.

ವಲಸೆ ಹಕ್ಕಿಯ ಮೇಲೆ ಅನುಮಾನ ಪಡುವುದು ಹೊಸದೇನಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೂ ಜ್ವರ ಬಂತು. ನಾವು ಮಂಗನ ಕಾಯಿಲೆ ಅನ್ನುವುದು ಅದನ್ನೇ. ಪುಣೆಯ ಪ್ರಯೋಗಾಲಯದವರು ವೈರಸ್ ಹಿಡಿದಾಗ ಅದು ರಷ್ಯಾದ ಒಂದು ವೈರಸ್ಸಿಗೆ ಹತ್ತಿರದ್ದು ಅಂತ ಕಂಡಿತು. ಸೈಬೀರಿಯಾದಿಂದ ಬರುವ ಹಕ್ಕಿಗಳ ಮೈಮೇಲಿನ ರಕ್ತ ಹೀರುವ ಉಣ್ಣೆಗಳೇ ಇದನ್ನು ತಂದಿವೆಯಾ ಅಂತ ದೊಡ್ಡವರೇ ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅವರು ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ದೊಡ್ಡ ಕೆಲಸ ನಡೆಸಿದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಪ್ರಶ್ನೆ ಸರಿಯಾಗೇ ಇತ್ತು. ಆದರೆ ರೋಗ ಸಿಕ್ಕಿದ್ದು ನೆಲದ ಮೇಲೆ: ಮಲೆನಾಡಿನ ಕಾಡಿನಲ್ಲೇ ಇರುವ ಉಣ್ಣೆ, ಇಲಿ, ಮಂಗ. ಅಲ್ಲೇ ಅದು ಸುತ್ತುತ್ತಿದೆ. ಈಗಲೂ ಮಂಗನ ಕಾಯಿಲೆ ತಡೆಯಲು ನಾವು ನೋಡುವುದು ಉಣ್ಣೆಯನ್ನೇ.

ನಿಮ್ಮ ಕೋಳಿಗಳ ವಿಷಯದಲ್ಲೂ ನನಗೆ ಮೊದಲ ಅನುಮಾನ ಉಣ್ಣೆಯ ಮೇಲೇ. ಬೇರೆ ಜಾತಿ, ಬೇರೆ ರೋಗ, ಆದರೆ ಅದೂ ನೆಲದಲ್ಲೇ ಇದೆ.

ಹಸಿರು ಹಿಕ್ಕೆ ಅಂದ ಕೂಡಲೇ ಎಲ್ಲರೂ ರಾಣಿಕೇತ್ ರೋಗ ಅನ್ನುತ್ತಾರೆ. ಲಸಿಕೆ ಹಾಕದ ಕೋಳಿಗೆ ರಾಣಿಕೇತ್ ಬಂದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಬಹಳಷ್ಟು ಹೋಗಿಬಿಡುತ್ತವೆ. ಕೆಲವು ಕತ್ತು ತಿರುಚುತ್ತವೆ, ಉಸಿರಿಗೆ ಒದ್ದಾಡುತ್ತವೆ. ನಿಮ್ಮಲ್ಲಿ ಮೂರು ವಾರದಲ್ಲಿ ನಾಲ್ಕು, ಅದೂ ಒಂದಾದ ಮೇಲೆ ಒಂದು. ಜುಟ್ಟು ಬಿಳಿಚಿದೆ, ಅಂದರೆ ರಕ್ತ ಕಡಿಮೆಯಾಗಿದೆ. ಕಾಲು ಸೋತಿದೆ. ಇದು ಕೋಳಿ ಉಣ್ಣೆ ಹರಡುವ ಜ್ವರದ ಹಾಗೆ ಕಾಣುತ್ತದೆ. ಈ ಉಣ್ಣೆ ಹಗಲಲ್ಲಿ ಗೋಡೆ ಬಿರುಕಲ್ಲಿ, ಬಿದಿರಿನ ಸಂದಿಯಲ್ಲಿ, ಗೂಡಿನ ಹಲಗೆ ಕೆಳಗೆ ಅಡಗಿರುತ್ತದೆ. ರಾತ್ರಿ ಹೊರಗೆ ಬಂದು ರಕ್ತ ಕುಡಿದು ಮತ್ತೆ ಒಳಗೆ ಸೇರುತ್ತದೆ. ಕುಡಿಯುವಾಗ ಸುರುಳಿ ಆಕಾರದ ಒಂದು ಬ್ಯಾಕ್ಟೀರಿಯಾವನ್ನು ಕೋಳಿ ರಕ್ತಕ್ಕೆ ಬಿಡಬಹುದು. ಹಗಲು ಕೋಳಿಯ ಗರಿ ಎತ್ತಿ ನೋಡಿದರೆ ದೊಡ್ಡ ಉಣ್ಣೆ ಒಂದೂ ಕಾಣುವುದಿಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಇದು ಯಾರಿಗೂ ಗೊತ್ತೇ ಆಗುವುದಿಲ್ಲ.

ಇವತ್ತು ರಾತ್ರಿ ಹತ್ತು ಗಂಟೆ ಮೇಲೆ ಟಾರ್ಚ್ ಹಿಡಿದು ಗೂಡಿನ ಹತ್ತಿರ ಹೋಗಿ. ಸಂದಿಗಳ ಮೇಲೆ ಬೆಳಕು ಬಿಡಿ. ಚಪ್ಪಟೆ, ಬೂದುಗಂದು ಬಣ್ಣದ, ರಕ್ತ ಕುಡಿದಿದ್ದರೆ ನೀಲಿ ಬಣ್ಣಕ್ಕೆ ತಿರುಗಿದ ಹುಳಗಳು ನಿಧಾನಕ್ಕೆ ನಡೆಯುತ್ತಿದ್ದರೆ ಅವೇ. ನಾಲ್ಕೈದನ್ನು ಚಿಮಟದಿಂದ ಹಿಡಿದು ಮುಚ್ಚಳದ ಡಬ್ಬಿಗೆ ಹಾಕಿ.

ಕೋಳಿಗಳಿಗೆ ಅವುಗಳದೇ ಮಲೇರಿಯಾ ಕೂಡ ಇದೆ, ನಮ್ಮ ಕಡೆಯ ಕಾಡುಕೋಳಿಯ ಮೂಲದ್ದು, ಸೊಳ್ಳೆಯಿಂದ ಹರಡುತ್ತದೆ. ಅದರಲ್ಲೂ ಜುಟ್ಟು ಬಿಳಿಚುತ್ತದೆ, ಹಸಿರು ಹಿಕ್ಕೆ ಬರುತ್ತದೆ. ಜಂತುಹುಳದಿಂದಲೂ ರಕ್ತ ಕಡಿಮೆಯಾಗುತ್ತದೆ. ಹೊರಗಿನಿಂದ ನೋಡಿ ಇವನ್ನು ಬೇರೆ ಮಾಡಲು ನನ್ನಿಂದಲೂ ಆಗುವುದಿಲ್ಲ, ರಕ್ತ ನೋಡಲೇಬೇಕು. ಒಬ್ಬರು ಮನೆಯಲ್ಲಿ ಉಳಿದಿದ್ದ ಮಲೇರಿಯಾ ಮಾತ್ರೆಯನ್ನು ಪುಡಿ ಮಾಡಿ ಕೋಳಿ ನೀರಿಗೆ ಹಾಕಿದ್ದರು. ಕೋಳಿಗಳಿಗೆ ಇದ್ದದ್ದು ಉಣ್ಣೆ ಜ್ವರ. ಅದಕ್ಕೆ ಪೆನ್ಸಿಲಿನ್ ಜಾತಿಯ ಔಷಧ ಬೇಕಿತ್ತು. ನಾಲ್ಕು ದಿನ ಸುಮ್ನೆ ಹೋಯಿತು, ಕೋಳಿಗಳೂ ಹೋದವು.

ಗೂಡಿಗೆ ಏನು ಮಾಡಬೇಕು ಅಂದರೆ, ಕೋಳಿ ಹೊರಗೆ ಬಿಟ್ಟು, ಹಳೇ ಹುಲ್ಲು ಸುಟ್ಟು, ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ ಸುಣ್ಣ ಬಳಿಯಿರಿ. ಉಣ್ಣೆಗೆ ಹೊಡೆಯುವ ಔಷಧವನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲೇ ಸಂದಿಗೆ ಬಿಡಿ, ಕೆಲವು ವಾರ ಬಿಟ್ಟು ಮತ್ತೊಮ್ಮೆ. ಹತ್ತಿಗೆ, ಶೇಂಗಾಕ್ಕೆ ತಂದ ಔಷಧವನ್ನು ಮಾತ್ರ ಕೋಳಿಗೂ ಗೂಡಿಗೂ ಹೊಡೆಯಬೇಡಿ. ಕೋಳಿ ಸಾಯುತ್ತದೆ, ಮೊಟ್ಟೆ ತಿಂದವರಿಗೂ ತೊಂದರೆ. ಗೂಡು ಖಾಲಿ ಬಿಟ್ಟರೆ ಉಣ್ಣೆ ಸಾಯುತ್ತದೆ ಅಂದುಕೊಳ್ಳಬೇಡಿ, ಅದು ಊಟವಿಲ್ಲದೆ ವರ್ಷಗಟ್ಟಲೆ ಬದುಕುತ್ತದೆ. ಕೋಳಿ ಮಾರುವ ಯೋಚನೆಗೂ ನನ್ನ ಒಪ್ಪಿಗೆ ಇಲ್ಲ. ರೋಗ ಇನ್ನೊಬ್ಬರ ಮನೆಗೆ ಹೋಗುತ್ತದೆ, ಉಣ್ಣೆ ನಿಮ್ಮ ಮನೆಯಲ್ಲೇ ಉಳಿಯುತ್ತದೆ.

ಈಗ ಪಟಾಕಿ ವಿಷಯ. ಹೆಬ್ಬಾತುಗಳನ್ನು ಓಡಿಸಿದರೆ ಅವು ಪಕ್ಕದ ಕೆರೆಗೆ ಹೋಗುತ್ತವೆ, ನಿಮ್ಮ ಚರಂಡಿಯ ಸೊಳ್ಳೆ ಎಲ್ಲಿಗೂ ಹೋಗುವುದಿಲ್ಲ. ವನ್ಯಜೀವಿ ಕಾಯ್ದೆ ಪ್ರಕಾರ ಕೇಸೂ ಆಗಬಹುದು. ಕೆರೆಗೇ ಔಷಧ ಹೊಡೆಯೋಣ ಅಂತ ಇನ್ನು ಕೆಲವರು ಹೇಳಬಹುದು. ಅದರಿಂದ ಸೊಳ್ಳೆ ಮರಿ ತಿನ್ನುವ ಮೀನು, ಕೊಡತಿಹುಳದ ಮರಿ ಎಲ್ಲ ಸತ್ತು, ಮುಂದಿನ ವರ್ಷ ಸೊಳ್ಳೆ ಇನ್ನೂ ಜಾಸ್ತಿಯಾಗಬಹುದು. ಹೊಗೆ ಹೊಡೆಸಿದರೆ ಹಾರುವ ಸೊಳ್ಳೆ ಸಾಯುತ್ತದೆ, ನೀರಿನಲ್ಲಿರುವ ಮರಿ ವಾರದೊಳಗೆ ರೆಕ್ಕೆ ಕಟ್ಟಿಕೊಂಡು ಬರುತ್ತದೆ. ಕೆಲಸ ಕೊಡುವುದು ಒಂದೇ: ವಾರಕ್ಕೊಮ್ಮೆ ಡ್ರಮ್ಮು, ದೋಣಿ ಖಾಲಿ ಮಾಡಿ ತಿಕ್ಕುವುದು, ಬಚ್ಚಲ ನೀರು ಹರಿದು ಹೋಗುವ ಹಾಗೆ ಮಾಡುವುದು. ರಾಸ್ ಕೂಡ 1883ರಲ್ಲಿ ಬೆಂಗಳೂರಿನಲ್ಲಿದ್ದಾಗ, ನೀರು ಸಿಗದ ಹಾಗೆ ಮಾಡಿದರೆ ಸೊಳ್ಳೆ ಕಡಿಮೆಯಾಗುವುದನ್ನು ಗಮನಿಸಿದ್ದರು.

ಹಕ್ಕಿಗಳಿಂದ ಮನುಷ್ಯರಿಗೆ ಏನೂ ಬರುವುದೇ ಇಲ್ಲ ಅಂತ ಹೇಳಿದರೆ ಅದೂ ಸುಳ್ಳಾಗುತ್ತದೆ. ಎರಡು ವಿಷಯ ಗೊತ್ತಿರಲಿ. ಒಂದು ಮೆದುಳು ಜ್ವರ, ಜಪಾನೀಸ್ ಎನ್ಸೆಫಲೈಟಿಸ್. ಇದರ ವೈರಸ್ ಬೆಳ್ಳಕ್ಕಿ, ಬಕಗಳಲ್ಲಿ ಇರುತ್ತದೆ, ಹಂದಿಗಳಲ್ಲಿ ಬೆಳೆಯುತ್ತದೆ, ಗದ್ದೆಯ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಯಿಂದ ಮಕ್ಕಳಿಗೆ ಬರುತ್ತದೆ. ಆ ಬೆಳ್ಳಕ್ಕಿಗಳು ಹೆಚ್ಚಾಗಿ ನಮ್ಮ ಊರಿನವೇ. ಇದಕ್ಕೆ ಲಸಿಕೆ ಇದೆ. 2022ರ ಡಿಸೆಂಬರ್‌ನಲ್ಲಿ ರಾಜ್ಯದಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಹಾಕಿಸುವ ಅಭಿಯಾನ ಶುರುವಾಗಿತ್ತು. ಮಗನ ಕಾರ್ಡಿನಲ್ಲಿ ಜೆಇ ಅಂತ ಇದೆಯಾ ನೋಡಿ, ಇಲ್ಲದಿದ್ದರೆ ಕೇಳಿ.

ಇನ್ನೊಂದು ಹಕ್ಕಿ ಜ್ವರ. ಇದಕ್ಕೆ ಕೀಟ ಬೇಕಿಲ್ಲ, ಹಿಕ್ಕೆ ಮತ್ತು ನೀರಿನಿಂದಲೇ ಹರಡುತ್ತದೆ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಸಾವಿರಾರು ಹಕ್ಕಿಗಳು ಸತ್ತವು, ಅದರಲ್ಲಿ ಬಹಳಷ್ಟು ಇದೇ ಪಟ್ಟೆತಲೆ ಹೆಬ್ಬಾತು. ನಿಮ್ಮ ಕೋಳಿಗಳ ಲಕ್ಷಣ ಅದರ ಹಾಗಿಲ್ಲ. ಆದರೂ ಕೋಳಿಗಳನ್ನು ದಂಡೆಗೆ ಮೇಯಲು ಬಿಡಬೇಡಿ, ಕೆರೆ ನೀರು ಕುಡಿಸಬೇಡಿ. ಸತ್ತ ಹೆಬ್ಬಾತನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಗನಿಗೂ ಹೇಳಿಕೊಡಿ. ಒಂದೆರಡು ದಿನದಲ್ಲಿ ಒಟ್ಟಿಗೇ ಹಲವು ಕೋಳಿ ಅಥವಾ ಹಕ್ಕಿ ಸತ್ತರೆ ಆ ಕ್ಷಣವೇ ಪಶು ಆಸ್ಪತ್ರೆಗೆ ತಿಳಿಸಿ. ಸತ್ತ ಕೋಳಿಯನ್ನು ಕೆರೆಗೆ ಎಸೆಯುವ ಅಭ್ಯಾಸ ಊರಲ್ಲಿದ್ದರೆ ನಿಲ್ಲಿಸಿ, ಸುಣ್ಣ ಹಾಕಿ ಆಳಕ್ಕೆ ಹೂಳಿ. ನಿಮ್ಮ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು ಈ ಹೆಬ್ಬಾತುಗಳ ಹಿಂಡಿನಿಂದಲೇ. ರೋಗ ನಮ್ಮ ಕೋಳಿಯಿಂದ ಅವಕ್ಕೆ ಹೋಗುವ ದಾರಿಯೂ ಇದೆ.

ಉಳಿದ 7ರಲ್ಲಿ ಈಗ ಯಾವ ಕೋಳಿ ಕೂತಲ್ಲೇ ಕೂತಿದೆಯೋ ಅದನ್ನು ಬೇರೆ ಬುಟ್ಟಿಯಲ್ಲಿಡಿ. ಅದು ಸಾಯುವ ಮುಂಚೆ, ಮೈ ಬಿಸಿಯಿರುವಾಗಲೇ ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ಯಿರಿ. ಉಣ್ಣೆಯ ಡಬ್ಬಿ ಜೊತೆಗಿರಲಿ. ‘ರಕ್ತ ಲೇಪನ ಮಾಡಿ ನೋಡಿ, ಉಣ್ಣೆ ಜ್ವರ ಇರಬಹುದು’ ಅಂತ ನೀವೇ ಹೇಳಿ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಸಾಕು. ಫಲಿತಾಂಶ ಬಂದ ಮೇಲೆ ನನಗೆ ಒಂದು ಸಾಲು ಬರೆಯಿರಿ.